ಮಿನರಲ್ ಸನ್‌ಸ್ಕ್ರೀನ್‌ಗೆ ಯಾವ ಎಣ್ಣೆ? ಜಿಂಕ್ ಗಂಟು ಕಟ್ಟುತ್ತಿದೆ, ಪಿಎಚ್ ನಿಲ್ಲುತ್ತಿಲ್ಲ

ಎಳೆಬಿಸಿಲು

100 ಗ್ರಾಂ ಬ್ಯಾಚಿನ ಲೆಕ್ಕ ಕೊಡುತ್ತೇನೆ, ಎಲ್ಲಿ ತಪ್ಪಿದೆ ನೋಡಿ ಹೇಳಿ.

ಕೋಟಿಂಗ್ (ಕಣದ ಮೇಲೆ ಹೊದಿಸಿದ ತೆಳು ಪದರ) ಇಲ್ಲದ ಜಿಂಕ್ ಆಕ್ಸೈಡ್ 18, ವರ್ಜಿನ್ ಕೊಬ್ಬರಿ ಎಣ್ಣೆ 10, ರೋಸ್‌ಹಿಪ್ ಎಣ್ಣೆ 8, ಶಿಯಾ ಬೆಣ್ಣೆ 6, ಸ್ಟಿಯರಿಕ್ ಆಸಿಡ್ 3, ಎಮಲ್ಸಿಫೈಯಿಂಗ್ ವ್ಯಾಕ್ಸ್ 5, ಗ್ಲಿಸರಿನ್ 3, ಸೋಡಿಯಂ ಬೆಂಜೊಯೇಟ್ 0.5, ಉಳಿದದ್ದು ನೀರು. ಸಿಟ್ರಿಕ್ ಆಸಿಡ್ ಹಾಕಿ ಪಿಎಚ್ 5.5ಕ್ಕೆ ಇಳಿಸಿದ್ದು.

ಮೊದಲ ದಿನ ನುಣುಪಾಗಿತ್ತು. ಹತ್ತು ದಿನ ಕಳೆದು ನೋಡಿದರೆ ಪಿಎಚ್ 7.3, ಬೆರಳಿಗೆ ಮರಳು ಸಿಕ್ಕ ಹಾಗೆ. ಮೂರನೇ ವಾರಕ್ಕೆ ಕಮಟು ವಾಸನೆ. ಹಚ್ಚಿದರೆ ಬಿಳಿ ಗೆರೆಗಳು ಬೇರೆ. ಎಣ್ಣೆ ಬದಲಿಸಿದರೆ ಸರಿಹೋಗುತ್ತದಾ? ಇನ್ನೊಂದು ಪ್ರಶ್ನೆ: ಕ್ಯಾರೆಟ್ ಬೀಜದ ಎಣ್ಣೆಗೆ, ರಾಸ್ಪ್‌ಬೆರಿ ಬೀಜದ ಎಣ್ಣೆಗೆ ತಮ್ಮದೇ ಎಸ್‌ಪಿಎಫ್ ಇದೆ ಅಂತಾರಲ್ಲ, ಅವನ್ನು ಹಾಕಿ ಜಿಂಕನ್ನು 10ಕ್ಕೆ ಇಳಿಸಬಹುದಾ?

ತಕ್ಕಡಿತೂಕ

ಇಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳು ಒಂದೇ ಡಬ್ಬಿಯಲ್ಲಿ ಸೇರಿಕೊಂಡಿವೆ. ಎಣ್ಣೆ ಬದಲಿಸಿದರೆ ಒಂದು ಮಾತ್ರ ವಾಸಿಯಾಗುತ್ತದೆ.

ಮೊದಲು ಪಿಎಚ್. ಜಿಂಕ್ ಆಕ್ಸೈಡ್ ಸ್ವಲ್ಪ ಕ್ಷಾರ ಸ್ವಭಾವದ್ದು, ಆಮ್ಲ ಸಿಕ್ಕರೆ ಅದರಲ್ಲಿ ಕರಗುತ್ತದೆ. ನೀವು ಹಾಕಿದ ಸಿಟ್ರಿಕ್ ಆಸಿಡ್ ಜಿಂಕ್ ಸಿಟ್ರೇಟ್ ಆಗಿ ಖರ್ಚಾಗಿದೆ, ಪಿಎಚ್ ತನ್ನ ಜಾಗಕ್ಕೆ ವಾಪಸ್ ಏರಿದೆ. ಮತ್ತೆ ಆಮ್ಲ ಹಾಕಿದರೆ ಮತ್ತೆ ಏರುತ್ತದೆ, ಜಿಂಕ್ ಮಾತ್ರ ಕಮ್ಮಿಯಾಗುತ್ತಾ ಹೋಗುತ್ತದೆ. ಕೋಟಿಂಗ್ ಇಲ್ಲದ ಜಿಂಕ್ ನೀರಿಗೆ ತಾಗುವ ಕ್ರೀಮಿನಲ್ಲಿ ಪಿಎಚ್ 7ರಿಂದ 7.5ರ ನಡುವೆ ಬಿಟ್ಟುಬಿಡಬೇಕು.

ಇದರ ಬಾಲ ಹಿಡಿದು ಬರುವುದು ಪ್ರಿಸರ್ವೇಟಿವ್, ಅಂದರೆ ಕ್ರಿಮಿ ಬೆಳೆಯದಂತೆ ಕಾಯುವ ಪದಾರ್ಥ. ಸೋಡಿಯಂ ಬೆಂಜೊಯೇಟ್ ಕೆಲಸ ಮಾಡುವುದು ಬೆಂಜೊಯಿಕ್ ಆಸಿಡ್ ರೂಪದಲ್ಲಿ, ಅದಕ್ಕೆ ಪಿಎಚ್ 5ರ ಆಸುಪಾಸು ಇರಬೇಕು. 7.3ರಲ್ಲಿ ಅದು ಇದ್ದೂ ಇಲ್ಲದ ಹಾಗೆ. ಪೊಟ್ಯಾಸಿಯಂ ಸಾರ್ಬೇಟ್ ಕಥೆಯೂ ಇದೇ. ಫಿನಾಕ್ಸಿಎಥನಾಲ್ ಜೊತೆ ಎಥಿಲ್‌ಹೆಕ್ಸಿಲ್‌ಗ್ಲಿಸರಿನ್ ಇರುವ ಮಿಶ್ರಣಕ್ಕೆ ಪಿಎಚ್ ಹಂಗಿಲ್ಲ, ಅದಕ್ಕೆ ಬದಲಿಸಿ. ಈಗಿರುವ ಬ್ಯಾಚನ್ನು ಮುಖಕ್ಕೆ ಹಚ್ಚಬೇಡಿ, ಎಸೆಯಿರಿ.

ಎರಡನೆಯದು ಸ್ಟಿಯರಿಕ್ ಆಸಿಡ್. ಜಿಂಕ್ ಆಕ್ಸೈಡ್ ಪಕ್ಕದಲ್ಲಿ ಬಿಡಿ ಕೊಬ್ಬಿನ ಆಮ್ಲ ಇಟ್ಟರೆ ಜಿಂಕ್ ಸೋಪು ಆಗುತ್ತದೆ. 3 ಗ್ರಾಂ ಸ್ಟಿಯರಿಕ್ ಪೂರ್ತಿ ಸೇರಿಕೊಂಡರೆ ಸುಮಾರು 3.3 ಗ್ರಾಂ ಜಿಂಕ್ ಸ್ಟಿಯರೇಟ್. ಅದೇನೂ ವಿಷವಲ್ಲ, ಬೇಕೆಂದೇ ಹಾಕುವ ಪದಾರ್ಥವೂ ಹೌದು. ಆದರೆ ಡಬ್ಬಿಯೊಳಗೆ ತನ್ನಷ್ಟಕ್ಕೆ ದಿನದಿನ ಹುಟ್ಟುತ್ತಾ ಹೋದರೆ ಕ್ರೀಮ್ ಗಟ್ಟಿಯಾಗಿ ಹರಳು ಕಟ್ಟುತ್ತದೆ. ಜೊತೆಗೆ ಅದು ನೀರಿಗಿಂತ ಎಣ್ಣೆಯನ್ನು ಇಷ್ಟಪಡುವ ಸೋಪು, ಎಣ್ಣೆ ಹನಿಗಳು ನೀರಲ್ಲಿ ತೇಲುವ ನಿಮ್ಮ ಕ್ರೀಮಿಗೆ ತದ್ವಿರುದ್ಧ.

ಮೂರನೆಯದು ರೋಸ್‌ಹಿಪ್. ಅದರ ಮುಕ್ಕಾಲು ಭಾಗ ಲಿನೊಲಿಯಿಕ್ ಮತ್ತು ಲಿನೊಲೆನಿಕ್, ಬೇಗ ಆಕ್ಸಿಡೈಸ್ ಆಗಿ ಕೆಡುವ ಕೊಬ್ಬಿನ ಆಮ್ಲಗಳು. ಕಮಟು ವಾಸನೆ ಅಲ್ಲಿಂದಲೇ.

ಗಾಣದಗೂಟ

ರೋಸ್‌ಹಿಪ್ ವಿಷಯ ಒಪ್ಪಿದೆ. ಆದರೆ ಇದನ್ನು ಓದಿದವರು ಗಾಣದ ಎಣ್ಣೆಯೇ ಬೇಡ ಅಂದುಕೊಳ್ಳುತ್ತಾರೆ. ಗಾಣದ ಎಳ್ಳೆಣ್ಣೆಯಲ್ಲಿ ಅದರದೇ ಆಂಟಿಆಕ್ಸಿಡೆಂಟ್ ಇದೆ, ಸೂರ್ಯಕಾಂತಿಯಲ್ಲಿ ವಿಟಮಿನ್ ಇ ಇದೆ. ರಿಫೈನ್ ಮಾಡಿದರೆ ಅದರಲ್ಲಿ ಒಂದಷ್ಟು ಹೋಗುತ್ತದೆ. ಸತ್ತ ಎಣ್ಣೆ ಹಾಕಿ ಟೊಕೊಫೆರಾಲನ್ನು (ಅದೇ ವಿಟಮಿನ್ ಇ) ಹೊರಗಿನಿಂದ ಸೇರಿಸುವ ಬದಲು ಒಳ್ಳೆಯ ಎಣ್ಣೆಯನ್ನೇ ಹಾಕಬಾರದೇಕೆ?

ತಕ್ಕಡಿತೂಕ

ಹಾಕಬಹುದು ಸರ್, ಅಳೆದು ಹಾಕಬೇಕು. ಗಾಣದ್ದೋ ರಿಫೈನ್ಡೋ ಅನ್ನುವುದಕ್ಕಿಂತ ಆಸಿಡ್ ವ್ಯಾಲ್ಯೂ (ಬಿಡಿ ಆಮ್ಲದ ಅಳತೆ) ಎಷ್ಟು, ಪೆರಾಕ್ಸೈಡ್ ವ್ಯಾಲ್ಯೂ (ಎಣ್ಣೆ ಆಕ್ಸಿಡೈಸ್ ಆಗಿರುವುದರ ಅಳತೆ) ಎಷ್ಟು ಅನ್ನುವುದು ಮುಖ್ಯ. ಮಾರುವವರು ಬ್ಯಾಚಿನ ವಿಶ್ಲೇಷಣಾ ಪತ್ರ ಕೊಡದಿದ್ದರೆ ಆಸಿಡ್ ವ್ಯಾಲ್ಯೂವನ್ನು ನಾವೇ ನೋಡಿಕೊಳ್ಳಬಹುದು. 10 ಗ್ರಾಂ ಎಣ್ಣೆ, ಮೊದಲೇ ತಟಸ್ಥ ಮಾಡಿಟ್ಟ 50 ಮಿ.ಲೀ. ಎಥನಾಲ್, ಎರಡು ಹನಿ ಫಿನಾಲ್ಫ್‌ಥಲೀನ್. 0.1 ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಬ್ಯೂರೆಟ್ಟಿನಿಂದ ಬಿಡುತ್ತಾ ಜೋರಾಗಿ ಕುಲುಕಿ. ನಸುಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ನಿಲ್ಲಿಸಿ. ಖರ್ಚಾದ ಮಿ.ಲೀ.ಯನ್ನು 0.561ರಿಂದ ಗುಣಿಸಿದರೆ ಆಸಿಡ್ ವ್ಯಾಲ್ಯೂ. 3.6 ಮಿ.ಲೀ. ಹಿಡಿದರೆ 2. ಅದರ ಅರ್ಧ, ಅಂದರೆ ಶೇ. 1, ಒಲಿಯಿಕ್ ಲೆಕ್ಕದಲ್ಲಿ ಬಿಡಿ ಆಮ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ: ಬಿಡಿ ಆಮ್ಲ ಜಿಂಕನ್ನು ತಿಂದುಹಾಕಿ ಎಸ್‌ಪಿಎಫ್ ಬೀಳುತ್ತದೆ ಅಂತ. ಲೆಕ್ಕ ಹಾಕಿ ನೋಡಿ. 1 ಗ್ರಾಂ ಒಲಿಯಿಕ್ ಆಸಿಡ್ಡಿಗೆ ಬೇಕಾಗುವುದು 0.14 ಗ್ರಾಂ ಜಿಂಕ್ ಆಕ್ಸೈಡ್ ಅಷ್ಟೆ. 18 ಗ್ರಾಮಿನಲ್ಲಿ ಅದು ಲೆಕ್ಕಕ್ಕಿಲ್ಲ. ಕೆಡುವುದು ಹದ. ಹುಟ್ಟಿದ ಸೋಪು ಜಿಂಕ್ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಗಂಟಾದ ಜಿಂಕ್ ಚರ್ಮದ ಮೇಲೆ ಸಮನಾಗಿ ಹರಡುವುದಿಲ್ಲ, ಎಸ್‌ಪಿಎಫ್ ಬೀಳುವುದು ಆಗ. ಹಾಗಾಗಿ ಕೋಟಿಂಗ್ ಇಲ್ಲದ ಜಿಂಕ್ ಜೊತೆ ಆಸಿಡ್ ವ್ಯಾಲ್ಯೂ 0.5ರ ಒಳಗಿನ ಎಣ್ಣೆ. ಟ್ರೈಎಥಾಕ್ಸಿಕ್ಯಾಪ್ರಿಲಿಲ್‌ಸೈಲೇನ್ ಕೋಟಿಂಗ್ ಇದ್ದರೆ 1ರವರೆಗೂ ತಡೆದುಕೊಳ್ಳುತ್ತದೆ. ಪೆರಾಕ್ಸೈಡ್ 5ರ ಒಳಗೆ ಇರಲಿ.

ಬೀಕರ್‌ಬಳಗ

ಎಸ್‌ಪಿಎಫ್ ಇರುವ ಎಣ್ಣೆ ಅನ್ನುವ ಮಾತಿಗೆ ಉತ್ತರ: ಜಿಂಕ್ ಇಳಿಸಬೇಡಿ.

ರಾಸ್ಪ್‌ಬೆರಿ ಎಣ್ಣೆಗೆ 28ರಿಂದ 50 ಅನ್ನುವ ಸಂಖ್ಯೆ ಹುಟ್ಟಿದ್ದು 2000ದಲ್ಲಿ ಬಂದ ಒಂದು ಸಂಶೋಧನಾ ಲೇಖನದಿಂದ. ಅಲ್ಲಿ ಎಣ್ಣೆ ನೇರಳಾತೀತ ಬೆಳಕನ್ನು ಎಷ್ಟು ಹೀರುತ್ತದೆ ಅಂತ ನೋಡಿ ಟೈಟೇನಿಯಂ ಡೈಆಕ್ಸೈಡ್ ಜೊತೆ ಹೋಲಿಸಿದ್ದರು. ಚರ್ಮದ ಮೇಲೆ ಹಚ್ಚಿದ ಪರೀಕ್ಷೆ ಅದಲ್ಲ. ಎಣ್ಣೆಯನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಸ್ಪೆಕ್ಟ್ರೊಫೊಟೊಮೀಟರಿನಲ್ಲಿಟ್ಟು ಬಂದ ಅಂಕಿಗಳೂ ಅಷ್ಟೆ, ಗಾಜಿನ ಕೊಳವೆಯ ಅಂಕಿಗಳು. ಎಸ್‌ಪಿಎಫ್ ಅನ್ನುವುದು ಐಎಸ್ಒ 24444 ಪ್ರಕಾರ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಚರ್ಮ ಕೆಂಪಾಗುವುದನ್ನು ನೋಡಿ ತೆಗೆಯುವ ಸಂಖ್ಯೆ.

ಎಣ್ಣೆಯ ಪಾಲು ಎಸ್‌ಪಿಎಫ್‌ನಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇದೆ, ಬೇರೆ ದಾರಿಯಲ್ಲಿ. ಜಿಂಕ್ ಪುಡಿಯ ಒಂದೊಂದು ಕಣವನ್ನೂ ತೋಯಿಸಿ ಬಿಡಿಬಿಡಿಯಾಗಿ ಇಟ್ಟುಕೊಂಡು, ಚರ್ಮದ ಮೇಲೆ ತೂತಿಲ್ಲದ ಪದರವಾಗಿ ಹರಡುವ ಎಣ್ಣೆ ಇದ್ದರೆ ಅದೇ 18 ಗ್ರಾಂ ಜಿಂಕ್ ಹೆಚ್ಚು ಕೆಲಸ ಮಾಡುತ್ತದೆ. ಎಣ್ಣೆಯನ್ನು ಆರಿಸಬೇಕಾದ್ದು ಈ ಕಣ್ಣಿನಿಂದ.

ಹೊಂಗೆನೆರಳು

ಹಾಗೆ ಆರಿಸುವುದಾದರೆ ಯಾವುದು ಏನು ಮಾಡುತ್ತದೆ ಅಂತ ಬರೆಯುತ್ತೇನೆ.

ಹರಳೆಣ್ಣೆ ಪುಡಿಯನ್ನು ತೋಯಿಸುವುದರಲ್ಲಿ ಎತ್ತಿದ ಕೈ. ರಿಸಿನೊಲಿಯಿಕ್ ಆಮ್ಲದ ಹೈಡ್ರಾಕ್ಸಿಲ್ ಗುಂಪು ಜಿಂಕ್ ಮೇಲ್ಮೈಯನ್ನು ಹಿಡಿದುಕೊಳ್ಳುತ್ತದೆ. ಆದರೆ ಅಂಟು, ಹರಡುವುದಿಲ್ಲ. ಒಟ್ಟು ಕ್ರೀಮಿನಲ್ಲಿ ಶೇ. 2-3 ದಾಟಿದರೆ ಕೈ ಜಿಗುಟು. ಪಾಲಿಹೈಡ್ರಾಕ್ಸಿಸ್ಟಿಯರಿಕ್ ಆಸಿಡ್ ಕೂಡ ಹರಳೆಣ್ಣೆ ಮೂಲದ್ದೇ, ಹಾಗಾಗಿ ಗಿಡಮೂಲದ್ದೇ ಬೇಕು ಅನ್ನುವವರೂ ಧೈರ್ಯವಾಗಿ ಬಳಸಬಹುದಾದ ಡಿಸ್ಪರ್ಸೆಂಟ್ (ಪುಡಿಯ ಕಣಗಳನ್ನು ಬಿಡಿಬಿಡಿಯಾಗಿ ಇಡುವ ಪದಾರ್ಥ) ಅದು. ಹೆಸರಿನಲ್ಲಿ ಆಸಿಡ್ ಇದೆಯೆಂದು ಹೆದರಬೇಡಿ: ಉದ್ದ ಸರಪಳಿ, ಒಂದು ತುದಿ ಜಿಂಕಿಗೆ ಕಚ್ಚಿಕೊಂಡು ಉಳಿದದ್ದು ಎಣ್ಣೆಯೊಳಗೆ ಬಾಲದ ಹಾಗೆ ಚಾಚಿರುತ್ತದೆ. ಆ ಬಾಲಗಳೇ ಕಣಗಳನ್ನು ದೂರ ಇಡುವುದು.

ಜೊಜೊಬಾ ನಿಜಕ್ಕೂ ಎಣ್ಣೆಯಲ್ಲ, ದ್ರವ ಮೇಣ. ಬೇಗ ಕಮಟುವುದಿಲ್ಲ. ಮೆಡೋಫೋಮ್ ಬೀಜದ ಎಣ್ಣೆಯೂ ಗಟ್ಟಿಗ. ಸೂರ್ಯಕಾಂತಿಯಾದರೆ ಹೈ ಒಲಿಯಿಕ್ ಅಂತಲೇ ಕೇಳಿ ತರಬೇಕು, ಒಲಿಯಿಕ್ ಶೇ. 80ರ ಮೇಲೆ ಇರುವುದು. ಲಿನೊಲಿಯಿಕ್ ಒಲಿಯಿಕ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಆಕ್ಸಿಡೈಸ್ ಆಗುತ್ತದೆ. ಅದರ ಜೊತೆ ಬಿಸಿಲು, ಬೆಳಕಿಗೆ ಚುರುಕಾಗುವ ಜಿಂಕ್ ಎರಡೂ ಸೇರಿದರೆ ಕೇಳಬೇಕೇ? ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್ ಕೊಬ್ಬರಿ ಅಥವಾ ತಾಳೆ ಬೀಜದ ಎಣ್ಣೆಯಿಂದ ಬಂದದ್ದು. ವಾಸನೆಯಿಲ್ಲ, ಬಣ್ಣವಿಲ್ಲ, ಬಹುಪಾಲು ಎಣ್ಣೆ ಭಾಗ ಅದೇ ಇರಲಿ. ಸ್ಕ್ವಾಲೇನ್ ಹಗುರ, ಆದರೆ ಧ್ರುವೀಯತೆ ಇಲ್ಲ, ಒಂಟಿಯಾಗಿ ಜಿಂಕನ್ನು ತೋಯಿಸಲಾರದು.

ಕೊಬ್ಬರಿ ಎಣ್ಣೆ 24 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ, ಶಿಯಾ ನಿಧಾನಕ್ಕೆ ತಣಿದರೆ ಹರಳಾಗುತ್ತದೆ. ಎಳೆಬಿಸಿಲು ಅವರ ಮರಳಿನಲ್ಲಿ ಇದರ ಪಾಲೂ ಇರಬಹುದು. ಪತ್ತೆ ಸುಲಭ. ಸ್ವಲ್ಪ ಕ್ರೀಮನ್ನು 45 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ಬಿಸಿ ಇರುವಾಗಲೇ ಬೆರಳಲ್ಲಿ ಉಜ್ಜಿ. ಕಾಳು ಮಾಯವಾದರೆ ಕೊಬ್ಬಿನ ಹರಳು. ಉಳಿದರೆ ಪುಡಿಯ ಗಂಟು ಅಥವಾ ಜಿಂಕ್ ಸೋಪು, ಯಾಕೆಂದರೆ ಜಿಂಕ್ ಸ್ಟಿಯರೇಟ್ ಕರಗಲು 120 ಡಿಗ್ರಿ ದಾಟಬೇಕು.

ಎಳೆಬಿಸಿಲು

ಬಿಸಿ ಮಾಡಿ ನೋಡಿದೆ. ದೊಡ್ಡ ಕಾಳು ಹೋಯಿತು, ಸಣ್ಣದು ಉಳಿಯಿತು.

ಹೊಂಗೆನೆರಳು

ಅಂದರೆ ಎರಡೂ ಇವೆ.

ಬೀಕರ್‌ಬಳಗ

ಹೊಸದಾಗಿ ಶುರುಮಾಡಿ. ನೀರು ಹನಿಯಾಗಿ ಎಣ್ಣೆಯೊಳಗೆ ಇರುವ ಕ್ರೀಮು ಜಿಂಕಿಗೆ ಹೆಚ್ಚು ಹೊಂದುತ್ತದೆ. ಜಿಂಕ್ ಹೊರಗಿನ ಎಣ್ಣೆಯಲ್ಲಿ ಉಳಿಯುತ್ತದೆ, ನೀರಿನ ಜೊತೆ ಜಗಳವಿಲ್ಲ, ಬೆವರಿಗೂ ಬೇಗ ಜಾರುವುದಿಲ್ಲ. 100 ಗ್ರಾಮಿಗೆ:

ಎಣ್ಣೆ ಭಾಗ: ಪಾಲಿಗ್ಲಿಸರಿಲ್-2 ಡೈಪಾಲಿಹೈಡ್ರಾಕ್ಸಿಸ್ಟಿಯರೇಟ್ (ಎಣ್ಣೆ-ನೀರು ಬೆರೆಸುವ ಎಮಲ್ಸಿಫೈಯರ್) 4, ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್ 12, ಕೊಕೊ-ಕ್ಯಾಪ್ರಿಲೇಟ್ 8, ಜೊಜೊಬಾ 5, ಹೈ ಒಲಿಯಿಕ್ ಸೂರ್ಯಕಾಂತಿ 3, ಜೇನುಮೇಣ 1, ಪಾಲಿಹೈಡ್ರಾಕ್ಸಿಸ್ಟಿಯರಿಕ್ ಆಸಿಡ್ 1.2, ಟೊಕೊಫೆರಾಲ್ 0.3, ಕೋಟಿಂಗ್ ಇರುವ ಜಿಂಕ್ ಆಕ್ಸೈಡ್ 20.

ನೀರಿನ ಭಾಗ: ಡಿಸ್ಟಿಲ್ಡ್ ನೀರು 40.8, ಗ್ಲಿಸರಿನ್ 3, ಮೆಗ್ನೀಸಿಯಂ ಸಲ್ಫೇಟ್ 0.7. ಕ್ರೀಮ್ ತಣ್ಣಗಾದ ಮೇಲೆ ಫಿನಾಕ್ಸಿಎಥನಾಲ್ ಮಿಶ್ರಣ 1.

ಮೊದಲು 12 ಗ್ರಾಂ ಟ್ರೈಗ್ಲಿಸರೈಡಿಗೆ ಡಿಸ್ಪರ್ಸೆಂಟ್ ಕಲಸಿ, ಅದಕ್ಕೆ ಜಿಂಕನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಅರೆಯಿರಿ. ಶೇ. 60 ಪುಡಿ ಇರುವ ದಪ್ಪ ಪೇಸ್ಟ್ ಆಗುತ್ತದೆ. ದಪ್ಪ ಇರುವಾಗಲೇ ಅರೆಯಬೇಕು, ತೆಳುವಾಗಿದ್ದರೆ ಗಂಟುಗಳು ಎಣ್ಣೆಯಲ್ಲಿ ತೇಲಿಕೊಂಡು ತಪ್ಪಿಸಿಕೊಳ್ಳುತ್ತವೆ. ಪುಡಿ ಸುರಿಯುವಾಗ ಮಾಸ್ಕ್ ಹಾಕಿ, ಫ್ಯಾನ್ ಆರಿಸಿ.

ಬೇರೆ ಪಾತ್ರೆಯಲ್ಲಿ ಎಮಲ್ಸಿಫೈಯರ್, ಜೇನುಮೇಣ, ಉಳಿದ ಎಣ್ಣೆಗಳನ್ನು 70-75 ಡಿಗ್ರಿಗೆ ಕಾಯಿಸಿ, ಪೇಸ್ಟ್ ಸೇರಿಸಿ, ಟೊಕೊಫೆರಾಲ್ ಹಾಕಿ. ನೀರಿನ ಭಾಗವೂ ಅದೇ ಬಿಸಿಯಲ್ಲಿರಲಿ. ಅದನ್ನು ಎಣ್ಣೆಗೆ ನೂಲಿನಷ್ಟು ತೆಳ್ಳಗೆ ಬಿಡುತ್ತಾ ಕಲಕಿ. ಆರಂಭದ ಹತ್ತು ಗ್ರಾಮಿಗೆ ಎರಡು ನಿಮಿಷ ತೆಗೆದುಕೊಳ್ಳಿ. ಅವಸರ ಮಾಡಿದರೆ ಎಮಲ್ಷನ್ (ಎಣ್ಣೆ-ನೀರಿನ ಬೆರಕೆ) ತಿರುಗಿ ಬೀಳುತ್ತದೆ, ಅಂದರೆ ನೀರು ಹೊರಗಾಗಿ ಎಣ್ಣೆ ಹನಿಯಾಗುತ್ತದೆ. ಎಲ್ಲಾ ಮುಗಿದ ಮೇಲೆ ಎರಡು-ಮೂರು ನಿಮಿಷ ಜೋರಾಗಿ ಹೋಮೊಜಿನೈಸ್ ಮಾಡಿ, ನಿಧಾನಕ್ಕೆ ಕಲಕುತ್ತಾ ತಣಿಸಿ.

ತಕ್ಕಡಿತೂಕ

ಒಂದು ತಿದ್ದುಪಡಿ. ಈ ಥರದ ಕ್ರೀಮಿನಲ್ಲಿ ಪ್ರಿಸರ್ವೇಟಿವನ್ನು ಕೊನೆಗೆ ಹಾಕಿದರೆ ಅದು ಹೊರಗಿನ ಎಣ್ಣೆಯಲ್ಲೇ ಉಳಿದುಬಿಡುತ್ತದೆ. ಕ್ರಿಮಿ ಬೆಳೆಯುವುದು ಒಳಗಿನ ನೀರಿನ ಹನಿಯಲ್ಲಿ. ನೀರಿನ ಭಾಗಕ್ಕೆ ಮೊದಲೇ, ಎಣ್ಣೆಗೆ ಬಿಡುವ ತುಸು ಮುಂಚೆ ಸೇರಿಸಿ. ಫಿನಾಕ್ಸಿಎಥನಾಲ್ 70 ಡಿಗ್ರಿಗೆ ಕೆಡುವುದಿಲ್ಲ.

ಬೀಕರ್‌ಬಳಗ

ಹೌದು, ತಪ್ಪು ನನ್ನದೇ. ಎಣ್ಣೆ ಹನಿ ನೀರಲ್ಲಿರುವ ಕ್ರೀಮಿನ ಅಭ್ಯಾಸದಲ್ಲಿ ಬರೆದುಬಿಟ್ಟೆ. ಮೇಲಿನದನ್ನು ಹಾಗೇ ಬಿಟ್ಟಿದ್ದೇನೆ, ಈ ಉತ್ತರವೂ ಓದಿದವರಿಗೆ ಅರ್ಥವಾಗಲಿ ಅಂತ.

ಎಳೆಬಿಸಿಲು

ಹೋಮೊಜಿನೈಸರ್ ಇಲ್ಲ, ಕೈಯಲ್ಲಿ ಹಿಡಿಯುವ ಸ್ಟಿಕ್ ಬ್ಲೆಂಡರ್ ಇದೆ. ಪುಡಿ ಸರಿಯಾಗಿ ಅರೆದಿದೆ ಅಂತ ತಿಳಿಯುವುದು ಹೇಗೆ?

ಹೊಂಗೆನೆರಳು

100 ಗ್ರಾಮಿಗೆ ಸ್ಟಿಕ್ ಬ್ಲೆಂಡರಿನ ತಲೆ ಪೂರ್ತಿ ಮುಳುಗುವುದಿಲ್ಲ, ಗಾಳಿ ಎಳೆದುಕೊಳ್ಳುತ್ತದೆ. ಅದನ್ನು ಎಮಲ್ಷನ್ ಹಂತಕ್ಕೆ ಇಟ್ಟುಕೊಳ್ಳಿ, ಬ್ಯಾಚನ್ನು 300 ಗ್ರಾಮಿಗೆ ಏರಿಸಿ, ಬಾಟಲಿಯನ್ನು ಓರೆ ಹಿಡಿದು ತಲೆ ಮುಳುಗಿಸಿ ಆಮೇಲೆ ಸ್ವಿಚ್ ಒತ್ತಿ. ಪೇಸ್ಟಿಗೆ ಪಿಂಗಾಣಿ ಕಲ್ಬತ್ತೇ ವಾಸಿ.

ಎಣ್ಣೆಯನ್ನು ಪುಡಿಗೆ ಹನಿಹನಿಯಾಗಿ ಬಿಟ್ಟು ಅರೆದಾಗ ಮೊದಲು ಉದುರುದುರು, ಆಮೇಲೆ ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿಯ ಹದ. ಇಲ್ಲಿ ನಿಂತು ಹತ್ತು ನಿಮಿಷ ಒತ್ತಿ ಅರೆಯಬೇಕು, ಕೆಲಸ ನಡೆಯುವುದೇ ಇಲ್ಲಿ. ಡಿಸ್ಪರ್ಸೆಂಟ್ ಸಾಕಷ್ಟಿದ್ದರೆ ಇನ್ನು ಕೆಲವೇ ಹನಿಗೆ ಪುಟ್ಟಿ ಇದ್ದಕ್ಕಿದ್ದಂತೆ ಸಡಿಲಗೊಂಡು ಹರಿಯತೊಡಗುತ್ತದೆ, ಮೇಲ್ಮೈ ಹೊಳೆಯುತ್ತದೆ. ಹೊಳಪು ಬರದೆ ಮಂಕಾಗಿಯೇ ಉಳಿದರೆ ಡಿಸ್ಪರ್ಸೆಂಟ್ ಕಮ್ಮಿ.

ಪರೀಕ್ಷೆಗೆ ಒಂದು ಹನಿ ಪೇಸ್ಟನ್ನು ಹತ್ತು ಪಟ್ಟು ಅದೇ ಎಣ್ಣೆಯಲ್ಲಿ ತೆಳು ಮಾಡಿ, ಎರಡು ಗಾಜಿನ ಸ್ಲೈಡುಗಳ ನಡುವೆ ಒತ್ತಿ ದೀಪಕ್ಕೆ ಹಿಡಿಯಿರಿ. ಒಂದೇ ಸಮನೆ ಹಾಲುಬಿಳುಪು ಕಂಡರೆ ಸರಿ. ಚುಕ್ಕಿ ಕಂಡರೆ ಅರೆದದ್ದು ಸಾಲದು. ಈಗ ಸಮನಾಗಿದ್ದು ಕಾಲು ಗಂಟೆಯಲ್ಲಿ ಮೋಡದ ಹಾಗೆ ಕೂಡಿಕೊಂಡರೆ ಅರೆತ ಸರಿ, ಎಣ್ಣೆ ಅಥವಾ ಡಿಸ್ಪರ್ಸೆಂಟ್ ಸರಿಯಿಲ್ಲ. ಎರಡು ತಪ್ಪುಗಳನ್ನೂ ಬೇರೆ ಮಾಡಿ ತೋರಿಸುವ ಇಷ್ಟು ಅಗ್ಗದ ಪರೀಕ್ಷೆ ಮತ್ತೊಂದಿಲ್ಲ.

ನಿಮ್ಮ ಬಿಳಿ ಗೆರೆಗಳಿಗೂ ಈ ಗಂಟುಗಳೇ ಮುಖ್ಯ ಕಾರಣ. ಪೂರ್ತಿ ಹೋಗುವುದಿಲ್ಲ ಅನ್ನುವುದೂ ನಿಜ, ಜಿಂಕ್ ಆಕ್ಸೈಡಿನ ವಕ್ರೀಭವನ ಸೂಚ್ಯಂಕ ಸುಮಾರು 2, ಗಿಡಮೂಲ ಎಣ್ಣೆಗಳದ್ದು 1.46-1.48. ಅಷ್ಟು ಅಂತರ ಇದ್ದ ಮೇಲೆ ಬೆಳಕು ಚದುರಲೇಬೇಕು. ಉಳಿದ ಬಿಳುಪಿಗೆ ಐರನ್ ಆಕ್ಸೈಡ್ ಹಳದಿ, ಕೆಂಪು ಸೇರಿಸಿ ಶೇ. 0.3ರಿಂದ ಶುರುಮಾಡಿ, ಅದನ್ನೂ ಪೇಸ್ಟಿನಲ್ಲೇ ಅರೆಯಿರಿ.

ಪಿಎಚ್‌ಏಳು

ಮುಖಕ್ಕೆ ಈ ಎಣ್ಣೆಮೇಲಿನ ಕ್ರೀಮ್ ಭಾರ ಅನ್ನುವವರೂ ಇದ್ದಾರೆ. ಎಣ್ಣೆ ಹನಿ ನೀರಲ್ಲಿ ಇರುವ ಬಗೆಯೂ ಸಾಧ್ಯ, ಷರತ್ತುಗಳಿವೆ. ಸೈಲೇನ್ ಕೋಟಿಂಗ್ ಇರುವ ಜಿಂಕ್ ಮಾತ್ರ, ಎಣ್ಣೆ ಭಾಗದಲ್ಲೇ ಅರೆಯಬೇಕು. ಸಿಟಿಯರಿಲ್ ಒಲಿವೇಟ್-ಸಾರ್ಬಿಟಾನ್ ಒಲಿವೇಟ್ ಥರದ ಅಯಾನಿಕ್ ಅಲ್ಲದ ಎಮಲ್ಸಿಫೈಯರ್ ಶೇ. 5. ಕಾರ್ಬೊಮರ್ ಬೇಡವೇ ಬೇಡ, ಬಿಡುಗಡೆಯಾದ ಜಿಂಕ್ ಅಯಾನು ಅದರ ಜೆಲ್ಲನ್ನು ಕುಸಿದು ನೀರು ಮಾಡುತ್ತದೆ. ಕ್ಸಾಂಥನ್ ಗಮ್ 0.3 ಸಾಕು.

ಎಳೆಬಿಸಿಲು

ಬೀಕರ್‌ಬಳಗ ಅವರ ಲೆಕ್ಕದಲ್ಲಿ ಮಾಡಿದೆ, ಪ್ರಿಸರ್ವೇಟಿವ್ ನೀರಿಗೇ ಹಾಕಿ. ಗಂಟಿಲ್ಲ. ಆದರೆ ಲೋಷನ್ ಥರ ತೆಳು, ನಾಲ್ಕನೇ ದಿನಕ್ಕೆ ಮೇಲೆ ತೆಳ್ಳನೆ ಎಣ್ಣೆ ಪದರ. ಗಟ್ಟಿ ಮಾಡಲು ನೀರು ಕಮ್ಮಿ ಮಾಡಲಾ?

ಬೀಕರ್‌ಬಳಗ

ಉಲ್ಟಾ! ನೀರು ಹನಿಯಾಗಿರುವ ಕ್ರೀಮಿನಲ್ಲಿ ಹನಿಗಳು ಒತ್ತೊತ್ತಾಗಿ ತುಂಬಿದಷ್ಟೂ ಗಟ್ಟಿ. ನೀರು ಕಮ್ಮಿ ಮಾಡಿದರೆ ಇನ್ನೂ ತೆಳುವಾಗುತ್ತದೆ. ಟ್ರೈಗ್ಲಿಸರೈಡನ್ನು ಮುಟ್ಟಬೇಡಿ, ಅದು ಪೇಸ್ಟಿಗೆ ಬೇಕು. ಕೊಕೊ-ಕ್ಯಾಪ್ರಿಲೇಟನ್ನು 8ರಿಂದ 5ಕ್ಕೆ ಇಳಿಸಿ, ಆ 3 ಗ್ರಾಮನ್ನು ನೀರಿಗೆ ಕೊಡಿ. ಹಾಗೆಯೇ ಹೋಮೊಜಿನೈಸ್ ಮಾಡುವ ಸಮಯ ಒಂದು ನಿಮಿಷ ಹೆಚ್ಚಿಸಿ, ಹನಿ ಸಣ್ಣದಾದಷ್ಟೂ ಗಟ್ಟಿ. ಇಷ್ಟಕ್ಕೂ ಆಗದಿದ್ದರೆ ಜೇನುಮೇಣ 1.5.

ಮೇಲೆ ಎಣ್ಣೆ ನಿಂತರೆ ಅದು ಹನಿಗಳು ಕೆಳಗೆ ಕುಳಿತದ್ದರ ಗುರುತು, ಗಟ್ಟಿಯಾದರೆ ನಿಲ್ಲುತ್ತದೆ. ತಳದಲ್ಲಿ ನೀರು ಕಂಡರೆ ಅದು ಬೇರೆ, ಹನಿಗಳು ಒಡೆದು ಕೂಡಿಕೊಂಡಿವೆ. ಆಗ ಎಮಲ್ಸಿಫೈಯರ್ 5ಕ್ಕೆ ಏರಿಸಬೇಕು, ಮೆಗ್ನೀಸಿಯಂ ಸಲ್ಫೇಟ್ ಮರೆತಿಲ್ಲವಲ್ಲ ಅಂತ ನೋಡಬೇಕು. ತಳದಲ್ಲಿ ಬಿಳಿ ಮಡ್ಡಿ ಕಂಡರೆ ಜಿಂಕ್ ಇಳಿದಿದೆ. ಅದರ ಸಾಂದ್ರತೆ 5.6, ಎಣ್ಣೆಯದು 0.92. ಇಳಿಯದೆ ಇರುವುದೇ ಆಶ್ಚರ್ಯ.

ತಕ್ಕಡಿತೂಕ

ಒಂದು ಹನಿ ಕ್ರೀಮನ್ನು ನೀರಿಗೆ ಬಿಟ್ಟು ನೋಡಿದಿರಾ? ಕರಗಿ ಹರಡಿದರೆ ಎಮಲ್ಷನ್ ತಿರುಗಿ ಬಿದ್ದಿದೆ ಅಂತ ಅರ್ಥ, ಮೇಲಿನ ಲೆಕ್ಕ ಯಾವುದೂ ಹಿಡಿಯುವುದಿಲ್ಲ.

ಎಳೆಬಿಸಿಲು

ಉಂಡೆಯಾಗಿಯೇ ನಿಂತಿದೆ. 5 ಗ್ರಾಂ ಕೊಕೊ-ಕ್ಯಾಪ್ರಿಲೇಟ್, 43.8 ನೀರು ಇಟ್ಟು ಮತ್ತೆ ಮಾಡಿದೆ, ಚಮಚದಲ್ಲಿ ನಿಲ್ಲುವ ಹದ ಬಂತು.

ತಕ್ಕಡಿತೂಕ

ಸರಿ, ಈಗ ಅದನ್ನು ಹಿಂಸಿಸಿ. 3000 ಆರ್‌ಪಿಎಂನಲ್ಲಿ ಅರ್ಧ ಗಂಟೆ ಸೆಂಟ್ರಿಫ್ಯೂಜ್. ಯಂತ್ರವಿಲ್ಲದಿದ್ದರೆ ಫ್ರೀಜರಿನಲ್ಲಿ ಒಂದು ದಿನ, ಹೊರಗೆ ಒಂದು ದಿನ, ಹೀಗೆ ಐದು ಸುತ್ತು. ಒಂದು ಡಬ್ಬಿ 45 ಡಿಗ್ರಿಯಲ್ಲಿ ಹನ್ನೆರಡು ವಾರ. ವಾರಕ್ಕೊಮ್ಮೆ ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಿ, ಕಮಟು ಗೊತ್ತಾಗುವುದು ಮೊದಲ ಉಸಿರಿಗೇ. ಟೊಕೊಫೆರಾಲ್ ಜಾಸ್ತಿ ಹಾಕಿದರೆ ಜಾಸ್ತಿ ರಕ್ಷಣೆ ಅಂದುಕೊಳ್ಳಬೇಡಿ, ಪ್ರಮಾಣ ಮೀರಿದರೆ ಅದೇ ಆಕ್ಸಿಡೇಷನ್‌ಗೆ ಇಂಬು ಕೊಡುತ್ತದೆ. 0.5 ಮೇಲಿನ ಮಿತಿ ಅಂತಿಟ್ಟುಕೊಳ್ಳಿ.

ಬೇರೆಯವರಿಗೆ ಕೊಡುವುದಾದರೆ ಐಎಸ್ಒ 11930 ಪ್ರಕಾರ ಪ್ರಿಸರ್ವೇಟಿವ್ ಪರೀಕ್ಷೆ, ಐಎಸ್ಒ 24444 ಪ್ರಕಾರ ಎಸ್‌ಪಿಎಫ್ ಪರೀಕ್ಷೆ ಎರಡೂ ಆಗಲೇಬೇಕು. ಶೇ. 20 ಜಿಂಕ್ ಇದೆ, ಹಾಗಾಗಿ ಎಸ್‌ಪಿಎಫ್ ಇಷ್ಟು ಅಂತ ಲೇಬಲ್ ಮೇಲೆ ಬರೆಯುವ ಹಾಗಿಲ್ಲ. ಇದೇ 20 ಗ್ರಾಂ, ಅರೆದ ರೀತಿ ಬೇರೆಯಾದರೆ ಫಲಿತಾಂಶವೂ ಬೇರೆ. ಅಮೆರಿಕ, ಐರೋಪ್ಯ ಒಕ್ಕೂಟ ಎರಡರಲ್ಲೂ ಜಿಂಕ್ ಆಕ್ಸೈಡಿನ ಮೇಲ್ಮಿತಿ ಶೇ. 25.

ಗಾಣದಗೂಟ

ಹೊಂಗೆ ಎಣ್ಣೆ ಬಗ್ಗೆ ಯಾರೂ ಹೇಳಲಿಲ್ಲ. ಅದರ ಕರಂಜಿನ್, ಪೊಂಗಮಾಲ್ ನಿಜವಾಗಿಯೂ ನೇರಳಾತೀತ ಕಿರಣ ಹೀರುತ್ತವೆ.

ಹೊಂಗೆನೆರಳು

ಹೀರುತ್ತವೆ, ಹೆಸರಿಟ್ಟುಕೊಂಡ ನಾನೇ ಇಲ್ಲ ಅನ್ನಲಾರೆ. ಆದರೆ ಶೇ. 2-3 ಹಾಕಿದ ಎಣ್ಣೆಯಲ್ಲಿ ಅವೆಷ್ಟಿರುತ್ತವೆ? ಅದಕ್ಕಿಂತ ಹೆಚ್ಚು ಹಾಕಿದರೆ ಬಣ್ಣ, ವಾಸನೆ ಎರಡನ್ನೂ ಮುಚ್ಚಲಾಗುವುದಿಲ್ಲ. ಕಚ್ಚಾ ಹೊಂಗೆಯ ಆಸಿಡ್ ವ್ಯಾಲ್ಯೂ ಕೇಳಿದರೆ ತಕ್ಕಡಿತೂಕ ಸರ್ ಬ್ಯೂರೆಟ್ ಕೆಳಗಿಟ್ಟು ಎದ್ದು ಹೋಗುತ್ತಾರೆ. ಹಾಕಲೇಬೇಕು ಅಂದರೆ ರಿಫೈನ್ ಮಾಡಿ ವಾಸನೆ ತೆಗೆದದ್ದು, ಶೇ. 1-2. ಜಿಂಕ್ ಒಂದು ಗ್ರಾಂ ಕೂಡ ಕಡಿಮೆ ಮಾಡದೆ.

ಆ ವಾಸನೆ ಮುಚ್ಚಲು ಸಿಟ್ರಸ್ ಎಸೆನ್ಷಿಯಲ್ ಆಯಿಲ್ ಮಾತ್ರ ಬೇಡ. ಒತ್ತಿ ತೆಗೆದ ಬರ್ಗಮಾಟ್, ಲೈಮ್ ಎಣ್ಣೆಗಳಲ್ಲಿ ಫ್ಯುರಾನೊಕುಮರಿನ್ ಇರುತ್ತದೆ, ಬಿಸಿಲಿಗೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಬಿಸಿಲಿಗೆ ಹಚ್ಚುವ ಕ್ರೀಮಿಗೆ ಸುವಾಸನೆ ಇಲ್ಲದಿದ್ದರೆ ಏನೂ ನಷ್ಟವಿಲ್ಲ.

ಎಳೆಬಿಸಿಲು

ಕೊನೆಯ ಪ್ರಶ್ನೆ, ಬೀಕರ್ ಎಷ್ಟು ತೊಳೆದರೂ ಬಿಳಿ ಪೊರೆ ಹೋಗುತ್ತಿಲ್ಲ.

ಪಿಎಚ್‌ಏಳು

ನೀರು ತಾಗಿಸುವ ಮೊದಲು ಟ್ರೈಗ್ಲಿಸರೈಡಿನಲ್ಲಿ ಅದ್ದಿದ ಕಾಗದದಿಂದ ಒರೆಸಿ ತೆಗೆಯಿರಿ, ಎಣ್ಣೆ ಹೊರಗಿರುವ ಕ್ರೀಮು ಎಣ್ಣೆಗೇ ಬಿಟ್ಟುಕೊಡುವುದು. ಒರೆಸಿದ ಕಾಗದ ಕಸಕ್ಕೆ, ಸಿಂಕಿಗೆ ಬೇಡ. ಆಮೇಲೆ ಪಾತ್ರೆ ತೊಳೆಯುವ ದ್ರವ, ಬಿಸಿ ನೀರು. ಹಳೆಯ ಬ್ಯಾಚಿನ ಕೋಟಿಂಗ್ ಇಲ್ಲದ ಜಿಂಕಿನ ಪೊರೆಯಾದರೆ ಸೋಪು ಹಾಕಿ ಎಣ್ಣೆ ತೆಗೆದ ಮೇಲೆ ತೆಳು ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ, ಕರಗಿ ಹೋಗುತ್ತದೆ. ನೀವು ಪಿಎಚ್ 5.5ಕ್ಕೆ ಇಳಿಸಿದಾಗ ಕ್ರೀಮಿನೊಳಗೆ ಆಗಿದ್ದೂ ಅದೇ.